ಕೋಬಾಲ್ಟ್ ಪುಡಿ ಸೋತಿತೆ?

ರಕ್ತದಲ್ಲಿರುವ ಪ್ರೋಟೀನು, ಮೆಟಾಬೊಲೈಟುಗಳನ್ನು (ಚಯಾಪಚಯದ ಸಣ್ಣ ಅಣುಗಳನ್ನು) ತೂಗಿ ರೋಗ ಪತ್ತೆಹಚ್ಚಲು ನ್ಯಾನೊ ವಸ್ತುಗಳನ್ನು ಬಳಸುವುದು ಈ ಶತಮಾನದ ಹೊಸ ಹುಚ್ಚು ಎಂಬ ಮಾತಿದೆ. ಅದು ಪೂರ್ತಿ ನಿಜವಲ್ಲ. ಜಪಾನಿನ ಕ್ಯೋಟೋದಲ್ಲಿರುವ ಶಿಮಾಡ್ಜು ಕಂಪನಿಯ ಕೊಯಿಚಿ ತನಾಕ 1985ರಲ್ಲೇ ಕೈಗೆತ್ತಿಕೊಂಡಿದ್ದು ನ್ಯಾನೊಮೀಟರ್ ಲೆಕ್ಕದಷ್ಟು ಸಣ್ಣ ಕಣಗಳ ಕೋಬಾಲ್ಟ್ ಪುಡಿಯನ್ನು. ಅವರು ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ರಸಾಯನಶಾಸ್ತ್ರಜ್ಞರಾಗಿದ್ದರೆ ಬಹುಶಃ ಈ ದಾರಿ ಹಿಡಿಯುತ್ತಿರಲಿಲ್ಲ. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗಬೇಕಾದರೆ ಅಣು ವಿದ್ಯುದಂಶ ಹೊತ್ತು ಹಾರಬೇಕು. ಪ್ರೋಟೀನಿನ ಮೇಲೆ ನೇರವಾಗಿ ಲೇಸರ್ ಬಿಟ್ಟರೆ ಅದು ಹಾರುವ ಮೊದಲೇ ಚೂರಾಗುತ್ತದೆ. ಕರಿ ಪುಡಿ ಬೆಳಕನ್ನು ಹೀರಿ ಥಟ್ಟನೆ ಕಾದರೆ, ಪಕ್ಕದ ಅಣು ಒಡೆಯಲು ಪುರುಸೊತ್ತಿಲ್ಲದೆ ಚಿಮ್ಮೀತು ಎಂಬುದು ಲೆಕ್ಕಾಚಾರ. ದೊಡ್ಡ ಅಣುಗಳು ಅದಕ್ಕೂ ಜಗ್ಗಲಿಲ್ಲ. ಒಮ್ಮೆ ಪುಡಿಗೆ ಅಸಿಟೋನ್ ಹಾಕುವಲ್ಲಿ ಕೈತಪ್ಪಿ ಗ್ಲಿಸರಿನ್ ಬಿತ್ತು. ಪುಡಿ ದುಬಾರಿ, ಎಸೆಯಲು ಮನಸ್ಸಾಗಲಿಲ್ಲ. ಗ್ಲಿಸರಿನ್ ಬೇಗ ಆರಲೆಂದು ಲೇಸರ್ ಹಾಯಿಸುತ್ತಿರುವಾಗಲೇ ಸಂಕೇತ ಮೂಡಿತು. 1987ರ ಹೊತ್ತಿಗೆ 25,717 ಡಾಲ್ಟನ್ ತೂಕದ ಕೈಮೋಟ್ರಿಪ್ಸಿನೋಜೆನ್ ಎಂಬ ಪ್ರೋಟೀನು ಇಡಿಯಾಗಿಯೇ ಹಾರಿತ್ತು. 2002ರಲ್ಲಿ ತನಾಕರಿಗೆ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಪ್ರಶಸ್ತಿ ಬಂದರೇನು, ಪುಡಿಯನ್ನು ಬಳಸಿದವರು ಯಾರು? ಜರ್ಮನಿಯ ಫ್ರಾಂಜ್ ಹಿಲೆನ್‌ಕಾಂಪ್, ಮೈಕೆಲ್ ಕರಾಸ್ ಪುಡಿಯ ಬದಲು ಬೆಳಕು ಹೀರುವ ಸಾವಯವ ಆಮ್ಲಗಳನ್ನು ಬೆರೆಸಿದರು. ಅತ್ಯಲ್ಪ ಮಾದರಿಯೂ ಸಾಕಾಗುವ ಆ ವಿಧಾನವೇ ಲೋಕವನ್ನು ಗೆದ್ದಿತು. ಇಂದು ಆಸ್ಪತ್ರೆಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಅವುಗಳ ಪ್ರೋಟೀನುಗಳಿಂದಲೇ ಗುರುತಿಸುವ ಯಂತ್ರಗಳು ನೆಚ್ಚಿರುವುದೂ ಆಮ್ಲವನ್ನೇ. ಇದನ್ನು ಅಲ್ಲಗಳೆಯಲಾಗದು, ನೊಬೆಲ್ ಹಂಚಿಕೆಯಲ್ಲಿ ಈ ಜರ್ಮನ್ನರನ್ನು ಕೈಬಿಟ್ಟದ್ದರ ಬಗ್ಗೆ ಎದ್ದ ಗೊಣಗಾಟವೂ ನ್ಯಾಯವಾದದ್ದೇ.

ಆದರೆ ಪುಡಿ ಸೋತದ್ದು ಪ್ರೋಟೀನಿನ ಪಂದ್ಯದಲ್ಲಿ ಮಾತ್ರ. ಮೆಟಾಬೊಲೈಟುಗಳು ತೀರಾ ಹಗುರ: ಗ್ಲೂಕೋಸಿನ ತೂಕ 180 ಡಾಲ್ಟನ್. ಹೆಚ್ಚು ಬಳಕೆಯ ಆಮ್ಲವೊಂದರದ್ದು 189. ಹೀಗಾಗಿ ಯಂತ್ರ ಬರೆಯುವ ನಕ್ಷೆಯಲ್ಲಿ ಆಮ್ಲದ ಗೆರೆಗಳೇ ಮೆಟಾಬೊಲೈಟುಗಳ ಗೆರೆಗಳ ಮೇಲೆ ಮುಗಿಬಿದ್ದು ಅವನ್ನು ಮುಚ್ಚಿಬಿಡುತ್ತವೆ. ಘನವಸ್ತುವಿನ ಕಣ ಬೆಳಕನ್ನು ಹೀರುತ್ತದೆ, ತಾನು ಅಷ್ಟಾಗಿ ಹಾರುವುದಿಲ್ಲ. 1995ರಲ್ಲಿ ಗ್ರಾಫೈಟ್ ಕಣಗಳು, 1999ರಲ್ಲಿ ರಂಧ್ರಮಯ ಸಿಲಿಕಾನ್, ಆಮೇಲೆ ಚಿನ್ನ, ಬೆಳ್ಳಿ, ಕಬ್ಬಿಣದ ಆಕ್ಸೈಡ್ ಬಂದದ್ದು ಈ ಕಾರಣಕ್ಕೆ. ತನಾಕರ ಗ್ಲಿಸರಿನ್ ಈಗ ಬೇಕಿಲ್ಲದಿರಬಹುದು, ಬೆಳಕು ಹೀರುವ ಕೆಲಸವನ್ನು ಕಣಕ್ಕೆ ವಹಿಸಿದ ಯುಕ್ತಿ ಮಾತ್ರ ಅವರ ತಂಡದ್ದೇ. ಆಸ್ಪತ್ರೆಯ ದಿನನಿತ್ಯದ ಪರೀಕ್ಷೆಗೆ ಅದು ಇನ್ನೂ ಸುಲಭವಾಗಿ ಒಗ್ಗದಿರುವುದಕ್ಕೂ ಕಾರಣ ಕಣವೇ: ಒಂದು ಸಲ ತಯಾರಿಸಿದ ಕಣಗಳ ಗಾತ್ರ, ಮೇಲ್ಮೈ ಮುಂದಿನ ಸಲಕ್ಕೆ ಹಾಗೇ ಬರುವುದಿಲ್ಲ, ಅದರೊಂದಿಗೆ ಗೆರೆಯ ಎತ್ತರವೂ ಬದಲಾಗುತ್ತದೆ.