ಲಿಂಕ್ ಕಳಿಸುವ ಮುನ್ನ: ಡ್ರೈವ್‌ನಲ್ಲಿರೋ ಲೆಕ್ಕಪತ್ರ ಯಾರಿಗೆ, ಎಷ್ಟು ತೋರಿಸಬೇಕು?

ತಿಂಗಳ 11ನೇ ತಾರೀಖು ಹತ್ತಿರ ಬಂದರೆ ಜಿಎಸ್‌ಟಿ ನಂಬರ್ ಇರುವ ಅಂಗಡಿಯವರಿಗೆ ಗಡಿಬಿಡಿ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು ಜಿಎಸ್‌ಟಿಆರ್-1 ಅನ್ನು 11ರೊಳಗೆ, 3ಬಿಯನ್ನು 20ರೊಳಗೆ ಹಾಕಬೇಕು. ಅದಕ್ಕೂ ಮೊದಲು ಬಿಲ್‌ಗಳು ಆಡಿಟರ್ ಕೈ ಸೇರಬೇಕು. ಮೊದಲೆಲ್ಲ ಬಿಲ್ ಬುಕ್ಕನ್ನೇ ಚೀಲದಲ್ಲಿ ಹಾಕ್ಕೊಂಡು ಹೋಗ್ತಿದ್ದರು. ಈಗ ಬಿಲ್‌ಗಳ ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಲಿಂಕನ್ನು ವಾಟ್ಸಾಪ್ ಮಾಡಿದರೆ ಮುಗೀತು.

ಕೆಲಸವೇನೋ ಸುಲಭ. ಆದರೆ ಆ ಲಿಂಕನ್ನು ಯಾರು ಯಾರು ತೆರೆಯಬಹುದು ಅನ್ನೋದು ಕಳಿಸುವವರ ಕೈಯಲ್ಲೇ ಇರುತ್ತೆ. ಗಿರಾಕಿಗಳ ಸಾಲದ ಪಟ್ಟಿ, ಸಂಘದ ಸದಸ್ಯರ ಆಧಾರ್, ಹೋಲ್‌ಸೇಲ್ ದರ ಇರೋ ಫೈಲು ಊರೆಲ್ಲ ಸುತ್ತೋದು ಒಂದು ತಪ್ಪು ಆಯ್ಕೆಯಿಂದ.

ಎರಡು ಬಗೆಯ ಬಾಗಿಲು

ಫೈಲ್ ಪಕ್ಕದ ಮೂರು ಚುಕ್ಕಿ ಒತ್ತಿ ಶೇರ್ ಅಥವಾ ಮ್ಯಾನೇಜ್ ಆಕ್ಸೆಸ್‌ಗೆ ಹೋದರೆ ಎರಡು ಮುಖ್ಯ ಆಯ್ಕೆ ಸಿಗುತ್ತವೆ.

ಮೊದಲನೆಯದು ರಿಸ್ಟ್ರಿಕ್ಟೆಡ್. ನೀವು ಇಮೇಲ್ ವಿಳಾಸ ಹಾಕಿ ಸೇರಿಸಿದವರಿಗೆ ಮಾತ್ರ ಫೈಲ್ ತೆರೆಯುತ್ತೆ. ಲಿಂಕ್ ಬೇರೆಯವರಿಗೆ ಫಾರ್ವರ್ಡ್ ಆದರೂ ಅವರಿಗೆ ಏನೂ ಕಾಣಲ್ಲ. ಎದುರಿನವರು ಅದೇ ವಿಳಾಸದ ಗೂಗಲ್ ಖಾತೆಯಲ್ಲಿ ಲಾಗಿನ್ ಆಗಿರಬೇಕು, ಅಷ್ಟೇ.

ಎರಡನೆಯದು ಎನಿವನ್ ವಿತ್ ದ ಲಿಂಕ್. ಲಿಂಕ್ ಸಿಕ್ಕಿದ ಯಾರು ಬೇಕಾದರೂ ತೆರೆಯಬಹುದು, ಲಾಗಿನ್ ಕೂಡ ಬೇಡ. ಆಡಿಟರ್‌ಗೆ ಅಂತ ಕಳಿಸಿದ ಲಿಂಕ್ ತಪ್ಪಿ ವ್ಯಾಪಾರಿಗಳ ಗ್ರೂಪ್‌ಗೆ ಬಿದ್ದರೆ ಗ್ರೂಪಿನವರೆಲ್ಲ ನೋಡಬಹುದು. ಬೀಗದ ಕೈಯನ್ನು ಬಾಗಿಲ ಮೇಲೇ ನೇತು ಹಾಕಿದ ಹಾಗೆ.

ಹೆಚ್ಚಿನವರು ಎರಡನೆಯದನ್ನು ಒತ್ತೋದಕ್ಕೆ ಒಂದು ಕಾರಣ ಇದೆ. ಆಡಿಟರ್ ಆಫೀಸಿನ ಹುಡುಗ ಬೇರೆ ಜಿಮೇಲ್‌ನಿಂದ ಲಿಂಕ್ ಒತ್ತಿರುತ್ತಾನೆ, ಅನುಮತಿ ಬೇಕು ಅಂತ ಬರುತ್ತೆ, ಫೋನ್ ಮಾಡಿ "ಓಪನ್ ಆಗ್ತಿಲ್ಲ ಅಣ್ಣ" ಅಂತಾನೆ. ಬೇಸತ್ತ ಅಂಗಡಿಯವರು ಎಲ್ಲರಿಗೂ ತೆರೆದು ಬಿಡ್ತಾರೆ. ಅದರ ಬದಲು ಅವನು ಯಾವ ವಿಳಾಸದಿಂದ ನೋಡ್ತಿದ್ದಾನೆ ಅಂತ ಕೇಳಿ, ಆ ವಿಳಾಸವನ್ನೇ ಸೇರಿಸಿದರೆ ಸಾಕು. ಅನುಮತಿ ಕೇಳಿ ಇಮೇಲ್ ಬಂದರೂ ವಿಳಾಸ ಓದಿ, ಗುರುತಿನವರದಾದರೆ ಮಾತ್ರ ಒಪ್ಪಿಗೆ ಕೊಡಿ.

ನೋಡೋದಕ್ಕಾ, ತಿದ್ದೋದಕ್ಕಾ?

ವ್ಯೂವರ್ ಅಂದರೆ ನೋಡಬಹುದು. ಕಾಮೆಂಟರ್ ಅಂದರೆ ನೋಡಿ ಟಿಪ್ಪಣಿ ಬರೀಬಹುದು. ಎಡಿಟರ್ ಅಂದರೆ ಅಂಕಿ ಅಂಶ ತಿದ್ದಬಹುದು. ಅಷ್ಟೇ ಅಲ್ಲ, ನೀವು ತಡೆಯದಿದ್ದರೆ ಎಡಿಟರ್ ಆದವರು ಇನ್ನೊಬ್ಬರನ್ನೂ ಸೇರಿಸಬಹುದು. ಕಂಪ್ಯೂಟರ್‌ನಲ್ಲಿ ಶೇರ್ ಕಿಟಕಿಯ ಸೆಟ್ಟಿಂಗ್ಸ್ ಗುರುತು ಒತ್ತಿ ಇದನ್ನು ತೆಗೆಯಬಹುದು. ವ್ಯೂವರ್‌ಗಳು ಡೌನ್‌ಲೋಡ್, ಪ್ರಿಂಟ್ ಮಾಡದ ಹಾಗೆ ತಡೆಯುವ ಆಯ್ಕೆಯೂ ಅಲ್ಲೇ ಇದೆ. ಆದರೆ ಸ್ಕ್ರೀನ್‌ಶಾಟ್ ಹೊಡೆಯೋದನ್ನು ಅದು ತಡೆಯಲ್ಲ.

ಲೆಕ್ಕ ನೋಡುವವರಿಗೆ ವ್ಯೂವರ್ ಸಾಕು. ಇಬ್ಬರೂ ಸೇರಿ ತುಂಬಬೇಕಾದ ಸ್ಟಾಕ್ ಪಟ್ಟಿ ಆದರೆ ಮಾತ್ರ ಎಡಿಟರ್ ಕೊಡಿ. ಗೂಗಲ್ ಶೀಟ್‌ನಲ್ಲಿ ಯಾರಾದರೂ ಅಂಕಿ ಕೆಡಿಸಿದರೆ ಗಾಬರಿ ಬೇಡ, ವರ್ಷನ್ ಹಿಸ್ಟರಿಯಲ್ಲಿ ಹಳೆಯ ಪ್ರತಿ ಸಿಗುತ್ತೆ.

ಫೋಲ್ಡರ್ ಕೊಡುವಾಗ ಎಚ್ಚರ

ಫೋಲ್ಡರ್ ಹಂಚಿದರೆ ಒಳಗಿರೋ ಎಲ್ಲ ಫೈಲೂ ಹಂಚಿದ ಹಾಗೆ. ನಾಳೆ ಅದರೊಳಗೆ ಹಾಕುವ ಹೊಸ ಫೈಲಿಗೂ ಅದೇ ಅನುಮತಿ ಅನ್ವಯ. ಜಿಎಸ್‌ಟಿ ಬಿಲ್ ಇರುವ ಫೋಲ್ಡರ್‌ಗೆ ಮನೆ ಪತ್ರದ ಸ್ಕ್ಯಾನ್ ಹಾಕಿದರೆ ಅದನ್ನೂ ಆಡಿಟರ್ ನೋಡಬಹುದು. ಹಾಗಾಗಿ ಹೊರಗಿನವರಿಗೆ ಅಂತಲೇ ಪ್ರತ್ಯೇಕ ಫೋಲ್ಡರ್ ಮಾಡಿ, ಅಲ್ಲಿ ಬೇರೇನೂ ಇಡಬೇಡಿ.

ಯಾರಿಗೆ ಯಾವುದು?

- ಮದುವೆ ಫೋಟೋ, ಜಾತ್ರೆ ಕರಪತ್ರ, ಅಂಗಡಿಯ ಮಾರಾಟ ದರಪಟ್ಟಿ: ಲಿಂಕ್ ಇದ್ದವರಿಗೆಲ್ಲ, ವ್ಯೂವರ್ ಮಾತ್ರ.
- ಆಡಿಟರ್, ವಕೀಲರು: ರಿಸ್ಟ್ರಿಕ್ಟೆಡ್, ಅವರ ಇಮೇಲ್‌ಗೆ ಮಾತ್ರ.
- ಸ್ತ್ರೀಶಕ್ತಿ ಸಂಘ, ಹಾಲಿನ ಡೇರಿ, ದೇವಸ್ಥಾನ ಸಮಿತಿ ಲೆಕ್ಕ: ಸದಸ್ಯರ ಇಮೇಲ್‌ಗೆ ವ್ಯೂವರ್, ಲೆಕ್ಕ ಬರೆಯುವ ಒಬ್ಬರಿಗೆ ಎಡಿಟರ್.
- ಇಮೇಲ್ ಇಲ್ಲದವರಿಗೆ ಒಂದೆರಡು ಹಾಳೆ: ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಅವರ ನಂಬರ್‌ಗೇ ಕಳಿಸಿ. ಬಿಲ್ ಆದರೆ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಅಕ್ಷರ ಮಸುಕಾಗಲ್ಲ.

ಆಧಾರ್ ಇದ್ದರೆ

ಆಧಾರ್ ಪೂರ್ತಿ ನಂಬರ್ ಬೇಡದ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತೆ, ಆಧಾರ್ ವೆಬ್‌ಸೈಟ್‌ನಲ್ಲೇ ಡೌನ್‌ಲೋಡ್ ಮಾಡಬಹುದು. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಧೈರ್ಯ ಬೇಡ. ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ ಸೇರಿದರೆ ಅದೇ ಪಾಸ್‌ವರ್ಡ್, ಪರಿಚಯದವರು ಯಾರಾದರೂ ಊಹಿಸಬಹುದು. ಸದಸ್ಯರ ವಿವರ ಎಕ್ಸೆಲ್‌ನಲ್ಲಿದ್ದರೆ ಪಾಸ್‌ವರ್ಡ್ ಹಾಕಿ. ಅದನ್ನು ಅದೇ ಮೆಸೇಜಿನಲ್ಲಿ ಬರೀಬೇಡಿ, ಫೋನ್ ಮಾಡಿ ಹೇಳಿ.

ಖಾತೆ ಯಾರದ್ದು?

ಅಂಗಡಿ ಹುಡುಗನ ಜಿಮೇಲ್‌ನಲ್ಲಿ ಲೆಕ್ಕ ಇಟ್ಟರೆ ಆ ಫೈಲಿನ ಮಾಲೀಕ ಅವನೇ. ಕೆಲಸ ಬಿಟ್ಟು ಹೋದಾಗ ಫೈಲ್ ಅವನ ಖಾತೆಯಲ್ಲೇ ಉಳಿಯುತ್ತೆ. ಅಂಗಡಿ ಹೆಸರಲ್ಲಿ ಒಂದು ಜಿಮೇಲ್ ಮಾಡಿ, ಪಾಸ್‌ವರ್ಡ್ ಯಜಮಾನರ ಹತ್ತಿರ ಇರಲಿ. ಉಚಿತ ಖಾತೆಯಲ್ಲಿ ಸಿಗುವ 15 ಜಿಬಿ ಜಾಗ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ್ದು. ಬಿಲ್ ಇಡೋದಕ್ಕೆ ಅಷ್ಟು ಸಾಕು, ವಿಡಿಯೋ ತುಂಬಬೇಡಿ.

ಕೆಲಸ ಮುಗಿದ ಮೇಲೆ

ರಿಟರ್ನ್ ಹಾಕಿದ ಮೇಲೆ ಮ್ಯಾನೇಜ್ ಆಕ್ಸೆಸ್‌ಗೆ ಹೋಗಿ ಬೇಡದ ಹೆಸರು ತೆಗೆಯಿರಿ. ಎಲ್ಲರಿಗೂ ತೆರೆದಿದ್ದನ್ನು ರಿಸ್ಟ್ರಿಕ್ಟೆಡ್ ಮಾಡಿದರೆ ಹಳೆಯ ಲಿಂಕ್ ಎಷ್ಟು ಕಡೆ ಫಾರ್ವರ್ಡ್ ಆಗಿದ್ದರೂ ನೀವು ಸೇರಿಸದವರಿಗೆ ತೆರೆಯಲ್ಲ. ಆದರೆ ಅಷ್ಟರಲ್ಲಿ ಡೌನ್‌ಲೋಡ್ ಮಾಡಿಕೊಂಡವರ ಫೋನಿಂದ ಫೈಲನ್ನು ವಾಪಸ್ ತರೋಕೆ ಆಗಲ್ಲ. ಹಾಗಾಗಿ ಕಳಿಸುವ ಮುಂಚೆಯೇ ನೋಡಿಕೊಳ್ಳಬೇಕು.

ಹಂಚಿದ ದಾಖಲೆ ಬಳಸಿ ಯಾರಾದರೂ ಹಣ ಹೊಡೆದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ದೂರು ಕೊಡ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.