ನಿದ್ದೆ ಮಾತ್ರೆ ಬಿಡುವ ಬಗ್ಗೆ ಹಿರಿಯರ ಮನೋಭಾವದ ಅಳತೆ

ನಿದ್ದೆಗೋ ಆತಂಕಕ್ಕೋ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವ ಹಿರಿಯರು ಅದನ್ನು ಬಿಡಲು ಎಷ್ಟು ತಯಾರಿದ್ದಾರೆ, ಬಿಡುವುದೆಂದರೆ ಯಾಕೆ ಹೆದರುತ್ತಾರೆ ಎಂಬುದನ್ನು ಪ್ರಶ್ನಾವಳಿಯಿಂದ ಅಳೆಯುವ ವಿಧಾನ. ಅಳತೆ ತೀರ ಹೊಸದು; ಮಾತ್ರೆಗಳಿಗೆ ಮಾತ್ರ ನೂರು ವರ್ಷ ದಾಟಿದೆ.

1903ರಲ್ಲಿ ಜರ್ಮನಿಯಲ್ಲಿ ಬಾರ್ಬಿಟಾಲ್ ಬಂತು. ಅದರ ಬಳಗದ ಔಷಧಗಳು ಸ್ವಲ್ಪ ಹೆಚ್ಚಾದರೂ ಪ್ರಾಣಕ್ಕೇ ಎರವಾಗುತ್ತಿದ್ದವು. ಹೀಗಾಗಿ 1960ರಲ್ಲಿ ಲಿಬ್ರಿಯಮ್, 1963ರಲ್ಲಿ ವ್ಯಾಲಿಯಂ ಬಂದಾಗ ವೈದ್ಯರು ನೆಮ್ಮದಿಯ ಉಸಿರು ಬಿಟ್ಟರು. ಎರಡೂ ಹಾಫ್‌ಮನ್ ಲಾ ರೋಶ್ ಕಂಪನಿಯ ಲಿಯೋ ಸ್ಟರ್ನ್‌ಬಾಕ್ ಕೈಯಿಂದ ಹುಟ್ಟಿದ ಬೆಂಜೊಡಯಾಜಪೀನ್ ವರ್ಗದವು. ಇವನ್ನೂ ಒಮ್ಮೆಲೇ ಬಿಟ್ಟರೆ ನಡುಕ, ನಿದ್ದೆಗೇಡು, ಕೆಲವೊಮ್ಮೆ ಫಿಟ್ಸ್ ಬರುತ್ತದೆಂಬುದು ಎಲ್ಲರಿಗೂ ಮನದಟ್ಟಾಗಲು ಎರಡು ದಶಕ ಹಿಡಿಯಿತು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹೀದರ್ ಆಷ್ಟನ್ 1982ರಿಂದ 1994ರವರೆಗೆ ಇವನ್ನು ಬಿಡಲು ಬಯಸುವವರಿಗಾಗಿಯೇ ಚಿಕಿತ್ಸಾಲಯ ನಡೆಸಿ, ಡೋಸನ್ನು ಚೂರುಚೂರೇ ಇಳಿಸುವ ಕ್ರಮವನ್ನು ಕೈಪಿಡಿಯಾಗಿ ಬರೆದರು. ವಯಸ್ಸಾದವರ ದೇಹ ಡಯಾಜೆಪಾಮ್‌ನಂಥ ಔಷಧವನ್ನು ಹೊರಹಾಕುವುದು ನಿಧಾನ. ರಾತ್ರಿ ನುಂಗಿದ್ದು ಬೆಳಿಗ್ಗೆಯೂ ರಕ್ತದಲ್ಲಿ ಉಳಿದು, ಬಚ್ಚಲಿಗೆ ಹೋಗುವಾಗ ಕಾಲು ತಪ್ಪಿಸುತ್ತದೆ. ಹಿರಿಯರಿಗೆ ಕೊಡಬಾರದ ಔಷಧಗಳ ಪಟ್ಟಿಯನ್ನು ಅಮೆರಿಕದ ಮಾರ್ಕ್ ಬೀರ್ಸ್ 1991ರಲ್ಲಿ ಪ್ರಕಟಿಸಿದರು. ಈ ವರ್ಗ ಆ ಪಟ್ಟಿಯಲ್ಲಿ ಇಂದಿಗೂ ಇದೆ.

ಮಾತ್ರೆ ಕೆಟ್ಟದ್ದೆಂದು ವೈದ್ಯರಿಗೆ ಗೊತ್ತಾದರೂ ನುಂಗುವವರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದವರು ಕಡಿಮೆ. ಕರ್ನಾಟಕದಲ್ಲಂತೂ ಬಹುಕಾಲ ಚಿಂತೆಯೇ ಬೇರೆ ಇತ್ತು. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟಿತು. 1996ರಿಂದ ದೇಶದ ಇತರ ಜಿಲ್ಲೆಗಳಿಗೂ ಹರಡಿದ ಆ ಮಾದರಿಯ ಗುರಿ ಔಷಧವನ್ನು ಹಳ್ಳಿಗೆ ಮುಟ್ಟಿಸುವುದು, ಅರ್ಧಕ್ಕೆ ಬಿಡದಂತೆ ನೋಡಿಕೊಳ್ಳುವುದು. ಅದು ಸರಿಯೇ. ಆದರೆ ‘ಇನ್ನು ಸಾಕು’ ಎನ್ನುವುದನ್ನು ಕಲಿಸುವವರು ಆ ಚೌಕಟ್ಟಿನಲ್ಲಿ ಇರಲಿಲ್ಲ.

ಅಳತೆಗೋಲಿನ ಕಥೆ 1999ರಲ್ಲಿ ಶುರುವಾಗುತ್ತದೆ. ಬ್ರಿಟನ್ನಿನ ರಾಬ್ ಹೋರ್ನ್ ಔಷಧಗಳ ಬಗೆಗಿನ ನಂಬಿಕೆಗಳ ಪ್ರಶ್ನಾವಳಿ ರೂಪಿಸಿ, ಅಗತ್ಯದ ಭಾವನೆ ಒಂದು ತಕ್ಕಡಿಯಲ್ಲೂ ಭಯ ಇನ್ನೊಂದರಲ್ಲೂ ಕೂರುತ್ತವೆಂದು ತೋರಿಸಿದರು. ಅನಗತ್ಯ ಔಷಧ ನಿಲ್ಲಿಸುವುದಕ್ಕೆ ‘ಡಿಪ್ರಿಸ್ಕ್ರೈಬಿಂಗ್’ ಎಂಬ ಹೆಸರು 2003ರಲ್ಲಿ ಆಸ್ಟ್ರೇಲಿಯಾದಲ್ಲಿ ಬಂತು. ಅಲ್ಲಿಯವರೇ ಆದ ಎಮಿಲಿ ರೀವ್ 2013ರಲ್ಲಿ ಅದಕ್ಕೆಂದೇ ಪ್ರಶ್ನಾವಳಿ ತಂದರು; 2016ರಲ್ಲಿ ಪರಿಷ್ಕರಿಸಿದರು. ಮಾತ್ರೆಗಳು ಹೊರೆಯೆನಿಸುತ್ತವೆಯೇ, ಅವು ತಕ್ಕವೇ, ನಿಲ್ಲಿಸುವ ಭಯ ಎಷ್ಟು, ನಿರ್ಧಾರದಲ್ಲಿ ತಮ್ಮ ಪಾಲು ಎಷ್ಟು ಎಂದು ಅದು ನಾಲ್ಕು ದಿಕ್ಕಿನಿಂದ ಕೇಳುತ್ತದೆ. ಆರೈಕೆ ಮಾಡುವವರಿಗೆ ಬೇರೆಯೇ ಆವೃತ್ತಿ ಇದೆ. ಅಮೆರಿಕದ ಹಿರಿಯರ ದೊಡ್ಡ ಸಮೀಕ್ಷೆಯೊಂದರಲ್ಲಿ, ಡಾಕ್ಟರು ಆಗುತ್ತದೆಂದರೆ ಒಂದಾದರೂ ಔಷಧ ಬಿಡುತ್ತೇವೆಂದವರು 92%.

ಈ 92ನ್ನು ನೋಡಿ ಹಿಗ್ಗಬಾರದು. ಅದು ಎಲ್ಲ ಬಗೆಯ ಔಷಧಗಳ ಮಾತು. ನಿದ್ದೆ ಮಾತ್ರೆಯ ಹಟ ಬೇರೆ. ಕೆನಡಾದ ಕ್ವಿಬೆಕ್‌ನಲ್ಲಿ ಕಾರಾ ಟಾನನ್‌ಬಾಮ್ ತಂಡ 303 ಹಿರಿಯರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪಾಯವನ್ನೂ ಡೋಸ್ ಇಳಿಸುವ ಬಗೆಯನ್ನೂ ತಿಳಿಸುವ ಕಿರುಹೊತ್ತಗೆ ಪಡೆದವರಲ್ಲಿ ಆರು ತಿಂಗಳೊಳಗೆ ಬೆಂಜೊಡಯಾಜಪೀನ್ ಪೂರ್ತಿ ಬಿಟ್ಟವರು 27%. ಹೊತ್ತಗೆ ಸಿಗದವರಲ್ಲಿ 5%. 2018ರಲ್ಲಿ ಪ್ರಕಟವಾದ ಅಲ್ಲಿಯದೇ ಇನ್ನೊಂದು ಪ್ರಯೋಗದಲ್ಲಿ, ಔಷಧ ಅಂಗಡಿಯ ಫಾರ್ಮಸಿಸ್ಟ್ ರೋಗಿಯ ಜೊತೆಗೆ ವೈದ್ಯರಿಗೂ ಬರೆದು ತಿಳಿಸಿದಾಗ ನಿದ್ರಾಜನಕ ಬಿಟ್ಟವರು 43%, ಇಲ್ಲದಿದ್ದಲ್ಲಿ 9%. ಬಾಯಿಮಾತಿನ ಒಪ್ಪಿಗೆಗೂ ನಡೆಗೂ ನಡುವಿನ ಈ ಅಂತರವೇ ಇಡೀ ವಿಷಯದ ತಿರುಳು.

ದಾವಣಗೆರೆಯ ಮಂಡಿಪೇಟೆಯಲ್ಲಿ ರೀವ್ ಅವರ ಪ್ರಶ್ನಾವಳಿ ಹಿಡಿದು ಕೂತರೆ ಅಂತರ ಇನ್ನೂ ದೊಡ್ಡದಾದೀತು. ‘ಡಾಕ್ಟರು ಬಿಡಿ ಅಂದರೆ ಬಿಡುತ್ತೀರಾ?’ ಎಂದು ಅಜ್ಜನೊಬ್ಬನನ್ನು ಕೇಳಿದರೆ ‘ಡಾಕ್ಟರ್ ಸಾಹೇಬ್ರು ಹೇಳಿದ ಮ್ಯಾಲೆ ಮುಗೀತಲ್ರಿ’ ಎನ್ನುವುದು ಮರ್ಯಾದೆಯ ಉತ್ತರ. ಅದರಲ್ಲಿ ಮನೋಭಾವ ಎಷ್ಟು, ಗೌರವ ಎಷ್ಟು ಎಂದು ಐದು ಹಂತದ ಮಾಪಕ ಬೇರ್ಪಡಿಸಲಾರದು. ಎಷ್ಟೋ ಮನೆಗಳಲ್ಲಿ ಮಾತ್ರೆ ತರುವವನು ಮಗ, ರಾತ್ರಿ ಎಣಿಸಿ ಕೊಡುವವಳು ಸೊಸೆ. ಅಜ್ಜ ಮಲಗದಿದ್ದರೆ ಮನೆಯವರಿಗೂ ನಿದ್ದೆಯಿಲ್ಲ. ಅಂಥಲ್ಲಿ ಆರೈಕೆದಾರರ ಆವೃತ್ತಿಯೇ ಮೊದಲು ಬೇಕು. ಇಲ್ಲಿನ ಹತ್ತಿ ಗಿರಣಿಗಳಲ್ಲಿ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಪಾಳಿ ದುಡಿದವರ ನಿದ್ದೆ ಯಾವಾಗ ಕೆಟ್ಟಿತು ಎಂಬ ಪ್ರಶ್ನೆ ಈ ಪ್ರಶ್ನಾವಳಿಯಲ್ಲಿ ಇಲ್ಲ. ಇರಬೇಕಿತ್ತು.

ಭಾರತದಲ್ಲಿ ಆಲ್‌ಪ್ರಜೊಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೊಲ್ಪಿಡೆಮ್ ಎಲ್ಲ 2013ರ ಅಧಿಸೂಚನೆಯ ಶೆಡ್ಯೂಲ್ ಎಚ್1ಕ್ಕೆ ಸೇರಿವೆ. ನಿಯಮ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಸ್ಟ್ರಿಪ್ಪಿನ ಮೇಲೆ ಕೆಂಪು ಅಂಚಿನ ಚೌಕದೊಳಗೆ ಎಚ್ಚರಿಕೆ ಇರಬೇಕು. ಅಂಗಡಿಯವರು ಬರೆದುಕೊಟ್ಟ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಮಾತ್ರೆಯ ಹೆಸರು ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಕ್ವಿಬೆಕ್‌ನ ಫಾರ್ಮಸಿಸ್ಟ್ ಮಾಡಿದ ಕೆಲಸಕ್ಕೆ ಬೇಕಾದ ಮಾಹಿತಿ ಬಹುಮಟ್ಟಿಗೆ ಇದೇ. 1965ರಲ್ಲಿ ಶುರುವಾದ ಜೆಜೆಎಂ ವೈದ್ಯಕೀಯ ಕಾಲೇಜು, ಚಿಗಟೇರಿ ಜಿಲ್ಲಾಸ್ಪತ್ರೆ, ಬಾಪೂಜಿ ಆಸ್ಪತ್ರೆ ಇರುವ ದಾವಣಗೆರೆಯಲ್ಲಿ ಆ ಪುಸ್ತಕದಿಂದ ವೈದ್ಯರಿಗೆ ಒಂದು ಪತ್ರ ಹೋಗುವಂತೆ ಮಾಡುವುದು ಅಸಾಧ್ಯವೇನಲ್ಲ. ತಾನಾಗಿ ಏಕಾಏಕಿ ಮಾತ್ರೆ ಬಿಡುವುದಕ್ಕಿಂತ ಅದು ಸುರಕ್ಷಿತ ಕೂಡ.