ಕಬ್ಬಿಣ, ಉಸಿರು ಮತ್ತು ಕೆ.ವಿ. ಅಯ್ಯರ್

ಜಿಮ್‌ಗೆ ಹೋಗುವ ಹುಡುಗರು ಈಚೆಗೆ ಒಂದು ಮಾತು ಕಲಿತಿದ್ದಾರೆ. ಭಾರ ಎತ್ತುವಾಗ ಮನಸ್ಸನ್ನು ಸ್ನಾಯುವಿನಲ್ಲೇ ಇಡಬೇಕಂತೆ, ಒಂದು ಸೆಟ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಕಣ್ಣು ಮುಚ್ಚಿ ಉಸಿರನ್ನು ಗಮನಿಸಬೇಕಂತೆ. ಎಲ್ಲಿಯದಪ್ಪಾ ಇದು ಎಂದರೆ ಕೆಲವರು ಅಮೆರಿಕದ ಹೊಸ ವಿದ್ಯೆ ಎನ್ನುತ್ತಾರೆ, ಇನ್ನು ಕೆಲವರು ನೇರವಾಗಿ ಋಷಿಗಳ ಕಾಲಕ್ಕೇ ಜಿಗಿಯುತ್ತಾರೆ. ಮೈಸೂರಿನ ಶಾಲೆಗಳಲ್ಲಿ ಡ್ರಿಲ್ ಮೇಷ್ಟ್ರಾಗಿ ವಿಸಲ್ ಊದುತ್ತಲೇ ತಲೆ ನೆರೆಸಿಕೊಂಡ ನನಗೆ ಎರಡೂ ಒಪ್ಪಿಗೆಯಿಲ್ಲ. ಡಂಬೆಲ್ಲನ್ನೂ ಯೋಗವನ್ನೂ ಗೊತ್ತಿದ್ದೇ, ಬೇಕೆಂದೇ ಒಂದುಗೂಡಿಸಿದ ಕೆಲಸ ಸುಮಾರು ನೂರು ವರ್ಷದ ಹಿಂದೆ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಮಾಡಿದವರು ಕೋಲಾರದ ವೆಂಕಟೇಶ ಅಯ್ಯರ್. ಕೆ.ವಿ. ಅಯ್ಯರ್ ಎಂದರೆ ‘ಶಾಂತಲಾ’ ಕಾದಂಬರಿ ಬರೆದವರಲ್ಲವೇ ಎಂದು ಕೇಳುತ್ತೀರಿ. ಹೌದು, ಅವರೇ.

ಆದರೆ ಅವರಿಗಿಂತ ಮುಂಚೆ ಗರಡಿ ಇತ್ತು, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನನ್ನ ಸೋದರಮಾವ ಉಸ್ತಾದರಾಗಿದ್ದ ಗರಡಿಯ ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಪೈಲ್ವಾನನೂ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಎದುರಿಗೆ ಆಂಜನೇಯ. ಕೆಮ್ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ ಬೆರೆಸಿ ಹದ ಮಾಡಿದ ಅಖಾಡ. ಗೋಡೆಗೆ ಒರಗಿಸಿದ ಗದೆಗಳು, ಜೋಡಿ ಜೋಡಿ ಕರಲಾಕಟ್ಟೆಗಳು, ಕುತ್ತಿಗೆಗೆ ಹಾಕಿಕೊಂಡು ಬಸ್ಕಿ ಹೊಡೆಯಲಿಕ್ಕೆ ಕಲ್ಲಿನ ಬಳೆ. ಧ್ಯಾನ ಎಂಬ ಪದವನ್ನು ಅಲ್ಲಿ ಯಾರೂ ಆಡಿದ್ದು ನಾನು ಕೇಳಿಲ್ಲ. ಅಲ್ಲಿದ್ದದ್ದು ಎಣಿಕೆ. ದಂಡ ಹೊಡೆಯುವವನು ಬಾಯಿ ಬಿಡದೆ ಮನಸ್ಸಿನಲ್ಲೇ ಎಣಿಸಿಕೊಳ್ಳಬೇಕು. ಉಸ್ತಾದರು ಇದ್ದಕ್ಕಿದ್ದಂತೆ “ಎಷ್ಟಾಯ್ತೋ?” ಎಂದಾಗ ತಡವರಿಸಿದರೆ ಮತ್ತೆ ಒಂದರಿಂದ.

ಕರಲಾಕಟ್ಟೆಯ ಶಿಸ್ತು ಇನ್ನೂ ಬಿಗಿ. ಭುಜದ ಮೇಲಿಂದ ಬೆನ್ನ ಹಿಂದಕ್ಕೆ ಇಳಿದು, ಸೊಂಟದ ಹತ್ತಿರ ತಿರುಗಿ, ಇನ್ನೊಂದು ಭುಜ ಹತ್ತಿ ಮುಂದಕ್ಕೆ ಬರುವ ಆ ಮರದ ತುಂಡು ಅರ್ಧ ದಾರಿ ಕಣ್ಣಿಗೇ ಕಾಣುವುದಿಲ್ಲ. ಅದು ಎಲ್ಲಿದೆ ಎಂಬುದು ಮಣಿಕಟ್ಟಿಗೆ ಗೊತ್ತಾಗಬೇಕು. ಬಲಗೈಯದು ಬೆನ್ನ ಹಿಂದಿರುವಾಗ ಎಡಗೈಯದು ಎದೆಯ ಮುಂದಿರಬೇಕು, ಉಸಿರು ಎರಡರ ಲಯಕ್ಕೂ ಹೊಂದಬೇಕು. ಸಂಜೆ ನೋಡಬೇಕಾದ ಸಿನಿಮಾ ನೆನೆದುಕೊಂಡವನ ಮೊಣಕಾಲ ಚಿಪ್ಪಿಗೋ ಕಿವಿಯ ಹಿಂದಕ್ಕೋ ಪೆಟ್ಟು ಗ್ಯಾರಂಟಿ. “ಲೇ, ಮೈ ಇಲ್ಲಿದೆ, ನೀನೆಲ್ಲೋ ಹೋಗಿದ್ದೆ?” ಎನ್ನುವುದು ಮಾವನ ಮಾಮೂಲಿ ಬೈಗುಳ. ಈ ಕಟ್ಟೆಗಳನ್ನು ಇಲ್ಲಿ ಕಂಡ ಬ್ರಿಟಿಷ್ ಸೈನಿಕರು ತಮ್ಮ ಕವಾಯತಿಗೂ ತೆಗೆದುಕೊಂಡರು. ಡೊನಾಲ್ಡ್ ವಾಕರ್ ಎಂಬಾತ 1834ರಲ್ಲಿ ಲಂಡನ್ನಿನಲ್ಲಿ ತಂದ ವ್ಯಾಯಾಮದ ಪುಸ್ತಕದಲ್ಲಿ ಇವು ‘ಇಂಡಿಯನ್ ಕ್ಲಬ್’ ಆಗಿ ಬರುತ್ತವೆ. 1904ರ ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಕಟ್ಟೆ ತಿರುಗಿಸುವುದು ಜಿಮ್ನಾಸ್ಟಿಕ್ಸ್‌ನ ಒಂದು ಸ್ಪರ್ಧೆಯೇ ಆಗಿತ್ತು. ನಮ್ಮ ಗರಡಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಭಾರ ಎತ್ತಿ ಮೈ ಬೆಳೆಸುವುದು ನಮ್ಮಲ್ಲಿ ಹಳೆಯದು ಎನ್ನುವುದಕ್ಕೆ ಲಿಖಿತ ಸಾಕ್ಷಿಯೂ ಉಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿನೋದಕ್ಕೇ ಒಂದು ಭಾಗ ಮೀಸಲು. ಮಲ್ಲರು ಏನು ತಿನ್ನಬೇಕು, ಹೇಗೆ ಪಳಗಬೇಕು ಎಂದು ಅರಸ ವಿವರವಾಗಿ ಹೇಳುತ್ತಾನೆ. ಭಾರಶ್ರಮ, ಕಂಬದ ಮೇಲಿನ ಸ್ತಂಭಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ ಎಲ್ಲವೂ ಅಲ್ಲಿವೆ. ಆದರೆ ಇದನ್ನು ತೋರಿಸಿ ‘ನೋಡಿ, ಧ್ಯಾನ ಪ್ಲಸ್ ವೇಟ್ ಟ್ರೈನಿಂಗ್’ ಎನ್ನುವವರ ಮಾತು ಒಪ್ಪಬೇಡಿ. ಅದು ಮಲ್ಲರ ತರಬೇತಿಯ ವರ್ಣನೆ, ಯೋಗಶಾಸ್ತ್ರವಲ್ಲ. ಅತ್ತ ಪತಂಜಲಿ ವಿಭೂತಿಪಾದದಲ್ಲಿ ಬಲದ ಮೇಲೆ ಸಂಯಮ ಮಾಡಿದರೆ ಆನೆಯ ಬಲ ಬರುತ್ತದೆ ಎಂದಿದ್ದಾನೆ. ಕಲ್ಲು ಎತ್ತು ಎಂದೇನೂ ಹೇಳಿಲ್ಲ. ಕೂತಲ್ಲೇ ಆನೆಯ ಬಲ ಬರುವುದಾದರೆ ಡ್ರಿಲ್ ಮೇಷ್ಟ್ರುಗಳ ಕೆಲಸವೇ ಹೋದಂತೆ!

ಪುಸ್ತಕದ ಹಂಗಿಲ್ಲದೆ ಎರಡನ್ನೂ ಕೂಡಿಸಿಕೊಂಡವರು ಉತ್ತರ ಕರ್ನಾಟಕದ ರೈತಾಪಿ ಪೈಲ್ವಾನರು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಗುಂಡುಕಲ್ಲು, ಸಂಗ್ರಾಣಿ ಕಲ್ಲು ಎತ್ತುವವರನ್ನು ನಿಂತು ನೋಡಿದ್ದೇನೆ. ಹಲಗೆ ಬಡಿಯುತ್ತಿರುತ್ತದೆ, ಸಿಳ್ಳೆ, ಧೂಳು. ಎತ್ತುವವನು ಕಲ್ಲಿನ ಹತ್ತಿರ ಬಂದು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಅಂಗೈಗೆ ಮಣ್ಣು ಒರೆಸಿಕೊಂಡು ಕಲ್ಲನ್ನು ಒಂದು ಸುತ್ತು ಹಾಕಿ, ಹಿಡಿತ ಎಲ್ಲಿ ಸಿಗುತ್ತದೆಂದು ಬೆರಳಲ್ಲೇ ಹುಡುಕುತ್ತಾನೆ. ಆಮೇಲೆ ಸುಮ್ಮನೆ ನಿಲ್ಲುತ್ತಾನೆ. ಜನ ಎಷ್ಟೇ ಕೂಗಲಿ, ಆ ನಿಲುವಿಗೆ ಅವಸರವಿಲ್ಲ. ಕೂತು ಕಲ್ಲನ್ನು ತೊಡೆಗೆ ಉರುಳಿಸಿ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು ಬೆನ್ನ ಹಿಂದೆ ಕೆಡವುವಷ್ಟರಲ್ಲಿ ಅವನು ಬಿಟ್ಟ ಉಸಿರನ್ನು ಎಣಿಸಬಹುದು. ಎದೆಯ ಹತ್ತಿರ ಒಂದು ಕ್ಷಣ ಮನಸ್ಸು ಕದಲಿದರೆ ಕಲ್ಲು ಕಾಲ ಮೇಲೆಯೇ ಬೀಳುವುದು.

ಇನ್ನು ಆಧುನಿಕರ ಮಾತು. ಯೂಜಿನ್ ಸ್ಯಾಂಡೋ ಹುಟ್ಟಿದ್ದು 1867ರಲ್ಲಿ, ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ. ಲಂಡನ್ನಿನ ರಂಗದ ಮೇಲೆ ಮೈ ತೋರಿಸಿ ಜಗತ್ಪ್ರಸಿದ್ಧನಾದ. 1904–05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಆತನ ಪಾಠ ಕೇಳಿದರೆ ಇಂದಿನವರಿಗೆ ಅಚ್ಚರಿಯಾಗಬಹುದು. ಹಗುರ ಡಂಬೆಲ್ ಸಾಕು, ಆದರೆ ಮನಸ್ಸು ಪೂರ್ತಿ ಆ ಸ್ನಾಯುವಿನಲ್ಲಿರಬೇಕು, ಇಲ್ಲದಿದ್ದರೆ ಅದು ಬರೀ ಕೈ ಆಡಿಸಿದಂತೆ ಎನ್ನುತ್ತಿದ್ದ. ಅದಕ್ಕೆಂದೇ ಒಂದು ಉಪಾಯದ ಡಂಬೆಲ್ಲನ್ನು ಮಾರಾಟಕ್ಕಿಟ್ಟ. ಉದ್ದುದ್ದಕ್ಕೆ ಎರಡು ಹೋಳು, ನಡುವೆ ಸ್ಪ್ರಿಂಗು. ವ್ಯಾಯಾಮ ಮುಗಿಯುವವರೆಗೂ ಎರಡು ಹೋಳುಗಳನ್ನು ಅದುಮಿ ಕೂಡಿಸಿಯೇ ಹಿಡಿದಿರಬೇಕು. ಗಮನ ತಪ್ಪಿತೆಂದರೆ ಮುಷ್ಟಿ ಸಡಿಲಿ ಹೋಳುಗಳು ಬಿಚ್ಚಿಕೊಳ್ಳುತ್ತವೆ. ವ್ಯಾಪಾರಿ ಬುದ್ಧಿ ಎನ್ನಿ, ಆದರೆ ಏಕಾಗ್ರತೆಯನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದ ಯಂತ್ರ ಅದು. ಸೂರ್ಯನಮಸ್ಕಾರವನ್ನು ದೇಶದ ತುಂಬ ಹಬ್ಬಿಸಿದ ಔಂಧ್ ಸಂಸ್ಥಾನದ ರಾಜ ಭವಾನರಾವ್ ಕೂಡ ಮೊದಲು ವರ್ಷಗಟ್ಟಲೆ ಸ್ಯಾಂಡೋ ಪದ್ಧತಿಯನ್ನೇ ಅಭ್ಯಾಸ ಮಾಡಿದವರು.

ಸ್ಯಾಂಡೋನ ನಂತರ ಮ್ಯಾಕ್ಸಿಕ್ ಬಂದ. ಗಿಡ್ಡ ಆಳು. ಡಂಬೆಲ್ಲನ್ನೇ ಪಕ್ಕಕ್ಕಿಟ್ಟು, ನಿಂತಲ್ಲೇ ಬೇಕಾದ ಸ್ನಾಯುವನ್ನು ಮಾತ್ರ ಬಿಗಿದು ಸಡಿಲಿಸುವ ‘ಮಸಲ್ ಕಂಟ್ರೋಲ್’ ಕಲಿಸಿದ. ಹೊಟ್ಟೆಯ ಸ್ನಾಯುಗಳನ್ನು ಕಂಬದಂತೆ ಎದ್ದು ನಿಲ್ಲಿಸಿ ತೋರಿಸುತ್ತಿದ್ದ. ನಮ್ಮ ಹಠಯೋಗಿಗಳಿಗೆ ಅದು ನೌಲಿ. ಕಲ್ಕತ್ತಾದಲ್ಲಿ ಬಿಷ್ಣು ಚರಣ್ ಘೋಷ್ ಇದನ್ನು ಹಿಡಿದುಕೊಂಡರು, 1930ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಸಹಲೇಖಕರೊಬ್ಬರ ಜೊತೆ ಬರೆದರು. ಯೋಗಾನಂದರ ತಮ್ಮ ಇವರು.

ಅದೇ 1930ರಲ್ಲಿ ಅಯ್ಯರ್ ಅವರ ‘ಮಸಲ್ ಕಲ್ಟ್’ ಬಂತು. ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ ಅವರ ಹರ್ಕ್ಯುಲಿಸ್ ಜಿಮ್ನೇಷಿಯಂ ಹೆಸರುವಾಸಿ. ಅಯ್ಯರ್ ಫೋಟೋಗಳನ್ನು ನೋಡಬೇಕು. ಗ್ರೀಕ್ ಶಿಲ್ಪದ ಭಂಗಿ, ಕತ್ತಲೆಯ ಹಿನ್ನೆಲೆ, ಒಂದೊಂದು ಸ್ನಾಯುವಿನ ಗೆರೆಯೂ ಕಾಣುವ ಬೆಳಕು. ವಿಲಾಯತಿನ ವ್ಯಾಯಾಮ ಪತ್ರಿಕೆಗಳು ಅವನ್ನು ಅಚ್ಚು ಹಾಕುತ್ತಿದ್ದವು. ತಮ್ಮ ಮೈಕಟ್ಟಿನ ಬಗ್ಗೆ ಅಯ್ಯರ್‌ಗೆ ಸಂಕೋಚ ಎಂಬುದೇ ಇರಲಿಲ್ಲ, ಬರಹದಲ್ಲಿ ಮುಚ್ಚುಮರೆಯಿಲ್ಲದೆ ಹೊಗಳಿಕೊಳ್ಳುತ್ತಾರೆ. ಅಂಥವರು ಅದೇ ಪುಸ್ತಕದಲ್ಲಿ ತಾವು ಬಳಸಿದ ಬಾರ್‌ಬೆಲ್, ಸ್ಪ್ರಿಂಗು, ಪಟ್ಟಿಗಳೆಲ್ಲಕ್ಕಿಂತ ತಮ್ಮನ್ನು ಹೀಗೆ ರೂಪಿಸಿದ್ದರಲ್ಲಿ ಹಠಯೋಗದ ಪಾಲೇ ದೊಡ್ಡದು ಎಂದು ಬರೆಯುತ್ತಾರೆ. ಜಿಮ್ ಮಾಲೀಕನೊಬ್ಬ ಹೀಗೆ ಬರೆಯುವುದು ಇಂದಿಗೂ ಅಪರೂಪ.

ಜೊತೆಗೆ ಯೋಗಾಚಾರ್ಯ ಎಸ್. ಸುಂದರಂ ಇದ್ದರು. ಸುಂದರಂ ಅವರು 1920ರ ದಶಕದ ಕೊನೆಯಲ್ಲಿ ಬೆಂಗಳೂರಿನಿಂದ ತಂದ ‘ಯೋಗಿಕ್ ಫಿಸಿಕಲ್ ಕಲ್ಚರ್’, ಆಸನಗಳನ್ನು ಫೋಟೋ ಸಮೇತ ಕಲಿಸಿದ ಮೊದಮೊದಲ ಪುಸ್ತಕಗಳಲ್ಲೊಂದು. ಇಬ್ಬರೂ ಕೂಡಿ ಸಭೆಗಳಿಗೆ ಹೋಗುತ್ತಿದ್ದರು. ಸುಂದರಂ ಯೋಗದ ಮಾತಾಡುವುದು, ಅಯ್ಯರ್ ಮೈ ತೋರಿಸುವುದು. ಅಯ್ಯರ್ ಪದ್ಧತಿಯ ತಿರುಳು ಸರಳ. ಭಾರ ಮಾಂಸಖಂಡವನ್ನು ಬೆಳೆಸಲಿ, ಆಸನ, ಉಸಿರು ಮತ್ತು ಸೂರ್ಯನಮಸ್ಕಾರ ಒಳಗಿನ ಅಂಗಗಳನ್ನೂ ಮನಸ್ಸನ್ನೂ ನೋಡಿಕೊಳ್ಳಲಿ, ಒಂದು ಇನ್ನೊಂದಕ್ಕೆ ಬದಲಿಯಲ್ಲ. ಪೋಸ್ಟ್ ಮೂಲಕ ಪಾಠಗಳನ್ನೂ ಕಳಿಸುತ್ತಿದ್ದರು. 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, 1937ರಲ್ಲಿ ‘ಸೂರ್ಯನಮಸ್ಕಾರ್’ ಬಂದವು. ಇದರ ಮಧ್ಯೆ ಕೈಲಾಸಂ ಅವರ ಸ್ನೇಹ, ನಾಟಕ, ಕಾದಂಬರಿ!

ನಾಲ್ವಡಿ ಕೃಷ್ಣರಾಜ ಒಡೆಯರು ಅಯ್ಯರ್ ಅವರನ್ನು ಮೆಚ್ಚಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲೂ ಒಂದು ವ್ಯಾಯಾಮಶಾಲೆ ತೆರೆಸಿದರು. ಅಯ್ಯರ್ ಶಿಷ್ಯರೊಬ್ಬರು ಅದನ್ನು ನಡೆಸುತ್ತಿದ್ದರು. ಅದೇ ಅರಮನೆಯಲ್ಲಿ 1933ರಿಂದ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ. ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರು, ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಕಲಿತದ್ದು ಇಲ್ಲೇ. ಇಂದು ಜಗತ್ತೆಲ್ಲ ಅಷ್ಟಾಂಗ, ಅಯ್ಯಂಗಾರ್ ಯೋಗ ಎಂದು ಕರೆಯುವ ಎರಡೂ ಹೊಳೆಗಳು ಹೊರಟದ್ದು ಡಂಬೆಲ್ಲಿನ ಸದ್ದು ಕೇಳುವಷ್ಟು ಹತ್ತಿರದಿಂದ. ಮಾರ್ಕ್ ಸಿಂಗಲ್ಟನ್ ಎಂಬ ವಿದ್ವಾಂಸರು 2010ರ ‘ಯೋಗ ಬಾಡಿ’ ಪುಸ್ತಕದಲ್ಲಿ, ಇಂದಿನ ಆಸನ ಪದ್ಧತಿಗಳ ಮೇಲೆ ಆ ಕಾಲದ ಅಂಗಸಾಧನೆಯ ನೆರಳು ಬಿದ್ದಿದೆ ಎಂದು ವಾದಿಸಿದಾಗ ಹಲವರು ಸಿಟ್ಟಾದರು. ನನಗೆ ಅದರಲ್ಲಿ ಸಿಟ್ಟಾಗುವಂಥದ್ದು ಕಾಣಲಿಲ್ಲ. ಒಂದೇ ಅರಮನೆ, ಒಬ್ಬನೇ ದೊರೆ, ಅದೇ ಊರಿನ ಹುಡುಗರು. ಗಾಳಿ ಆಚೀಚೆ ಆಡದೆ ಇರುತ್ತದೆಯೇ?

ಈ ಗಾಳಿ ಬೇರೆಡೆಯೂ ಇತ್ತು. ಸರಪಳಿ ಹರಿದು, ಎದೆಯ ಮೇಲೆ ಆನೆ ಹತ್ತಿಸಿಕೊಂಡು ಸರ್ಕಸ್ಸಿನಲ್ಲಿ ಹೆಸರಾದ ಆಂಧ್ರದ ಕೋಡಿ ರಾಮಮೂರ್ತಿ ನಾಯ್ಡು ತಮ್ಮ ಬಲಕ್ಕೆ ಪ್ರಾಣಾಯಾಮವೇ ಮೂಲ ಎನ್ನುತ್ತಿದ್ದರು. ನಮ್ಮ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ಬರೋಡಾದಲ್ಲಿ ಪ್ರೊ. ಮಾಣಿಕರಾವ್ ಅವರ ಬಳಿ ಅಂಗಸಾಧನೆ ಕಲಿತವರು. ಊರೂರು ತಿರುಗಿ ಯೋಗ, ವ್ಯಾಯಾಮ ಎರಡನ್ನೂ ಕಲಿಸಿ, ಕೊನೆಗೆ ಹೊಳಲ್ಕೆರೆ ತಾಲ್ಲೂಕಿನ ಆ ಹಳ್ಳಿಯಲ್ಲಿ ಅನಾಥಸೇವಾಶ್ರಮ ಕಟ್ಟಿ ನಿಂತರು.

ವ್ಯಾಯಾಮ, ಯೋಗ ಎರಡೂ ಬೇರೆಯಾದದ್ದು ಹೇಗೆ ಎಂದರೆ, ನಾನು ಕಂಡಂತೆ, ಮೊದಲು ಟೈಮ್‌ಟೇಬಲ್ಲಿನಲ್ಲಿ. ಶಾಲೆಯಲ್ಲಿ ಡ್ರಿಲ್ ಪೀರಿಯಡ್ ಒಂದು ಕಡೆ, ಯೋಗದ ಪೀರಿಯಡ್ ಇನ್ನೊಂದು ಕಡೆ, ಅದಕ್ಕೂ ಇದಕ್ಕೂ ಬೇರೆ ಬೇರೆ ಮೇಷ್ಟ್ರು, ಬೇರೆ ಬೇರೆ ಸರ್ಟಿಫಿಕೇಟು. ಊರಿನಲ್ಲೂ ಹಾಗೇ ಆಯಿತು. ಜಿಮ್‌ನಲ್ಲಿ ಕಿವಿ ಕಿತ್ತುಹೋಗುವ ಹಾಡು, ಯೋಗ ಕೇಂದ್ರದಲ್ಲಿ ಊದುಬತ್ತಿ. ಕರಲಾಕಟ್ಟೆ ಎರಡೂ ಕಡೆ ಇಲ್ಲ.

ಈಚಿನ ಸಂಶೋಧನೆ ಹಳಬರ ಪರವಾಗಿಯೇ ಕೆಲವು ಮಾತು ಹೇಳುತ್ತದೆ, ಆದರೆ ಮಿತಿಯೊಳಗೆ. ಬೆಂಚ್ ಪ್ರೆಸ್ ಮಾಡುವವರು ಗಮನವನ್ನು ಎದೆಯ ಸ್ನಾಯುವಿನಲ್ಲಿ ಇಟ್ಟಾಗ, ತಾವು ಎತ್ತಬಲ್ಲ ಗರಿಷ್ಠ ಭಾರದ ಶೇ. 60ರವರೆಗೂ ಆ ಸ್ನಾಯು ಹೆಚ್ಚು ಕೆಲಸ ಮಾಡಿದ್ದು 2016ರ ಒಂದು ಅಧ್ಯಯನದಲ್ಲಿ ಕಂಡಿದೆ. ಶೇ. 80ಕ್ಕೆ ಹೋದರೆ ಆ ವ್ಯತ್ಯಾಸ ಕಾಣಲಿಲ್ಲ. ಹಗುರ ಡಂಬೆಲ್ ಹಿಡಿದು ಮನಸ್ಸಿಟ್ಟು ಮಾಡು ಎಂದ ಸ್ಯಾಂಡೋ ಸುಮ್ಮನೆ ಹೇಳಿರಲಿಲ್ಲ. ಭಾರ ಮಿತಿಮೀರಿದಾಗ ಸ್ನಾಯುವಿನ ಕಡೆ ನೋಡುವುದಕ್ಕೆ ಪುರುಸೊತ್ತೆಲ್ಲಿ? ಆಗ ಜಾತ್ರೆಯ ಪೈಲ್ವಾನನ ಹಾಗೆ ಕಲ್ಲಿನ ಕಡೆಯೇ ನೋಡಬೇಕು.

ನನ್ನ ಅಳಲು ಒಂದೇ. ಕೃಷ್ಣಮಾಚಾರ್ಯರು ‘ಯೋಗ ಮಕರಂದ’ವನ್ನು ಬರೆದದ್ದು ಕನ್ನಡದಲ್ಲಿ, 1934ರಲ್ಲಿ, ಆದ್ದರಿಂದ ಅದು ನಮ್ಮ ಪುಸ್ತಕವೂ ಹೌದು. ಕಾದಂಬರಿಗಳನ್ನು ಚೆಂದದ ಕನ್ನಡದಲ್ಲಿ ಬರೆದ ಅಯ್ಯರ್ ಅವರ ‘ಮಸಲ್ ಕಲ್ಟ್’, ‘ಪರ್ಫೆಕ್ಟ್ ಫಿಸೀಕ್’ ಮಾತ್ರ ಇಂಗ್ಲಿಷಿನಲ್ಲಿವೆ. ಅವರ ಸಾಹಿತ್ಯ ಓದಿದವರಿಗೆ ಅವರ ಜಿಮ್ ಗೊತ್ತಿಲ್ಲ, ಜಿಮ್ ಹುಡುಗರಿಗೆ ಅವರ ಹೆಸರೇ ಗೊತ್ತಿಲ್ಲ. ‘ಮಸಲ್ ಕಲ್ಟ್’ ಅನ್ನು ಆ ಫೋಟೋಗಳ ಸಮೇತ ಯಾರಾದರೂ ಪ್ರಕಾಶಕರು ಕನ್ನಡಕ್ಕೆ ತರಲಿ. ಹುಡುಗರ ಕೈಗೆ ಸಿಗುವ ಬೆಲೆಯಲ್ಲಿ ತರಲಿ.